ಇಗರ್ಜಿ ವಿಸ್ತರಣೆಯ ಬಗ್ಗೆ ಆಕ್ಷೇಪ ಸಲ್ಲಿಸುವುದು ಹೇಗೆ?

ಪ್ರಶ್ನೆ: ಮಂಜೇಶ್ವರ ಸಮೀಪ ನಮ್ಮ ಮನೆಗೆ ತಾಗಿರುವ ಇಗರ್ಜಿಗೆ ಸಭಾಭವನ ಸೇರಿಸಲು ಪಂಚಾಯತಿಗೆ ಅರ್ಜಿ ಸಲ್ಲಿಕೆಯಾಗಿದೆ. ಪ್ರಾರ್ಥನೆಗೆ ನಮ್ಮ ಆಕ್ಷೇಪವಿಲ್ಲ. ಇಕ್ಕಟ್ಟಾದ ದಾರಿಯಲ್ಲಿ ವಾಹನ ನಿಲ್ಲುವುದೂ ಮಳೆನೀರು ಅಂಗಳಕ್ಕೆ ನುಗ್ಗುವುದೂ ನಮ್ಮ ಚಿಂತೆ. ಮಲಯಾಳ ಬಾರದ ನಾವು ಕನ್ನಡದಲ್ಲಿ ಬರೆಯಬಹುದೇ?

ಉತ್ತರ 1: ಖಂಡಿತ ಬರೆಯಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಮೊದಲು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಕ್ಷೆಯ ಪ್ರತಿ ಕೇಳಿ, 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳಂತೆ ಗಡಿಯಿಂದ ಅಂತರ, ವಾಹನ ನಿಲುಗಡೆ, ಮಳೆನೀರಿನ ವ್ಯವಸ್ಥೆ ಅದರಲ್ಲಿವೆಯೇ ಎಂದು ನೋಡಿ, ಕಂಡ ಕೊರತೆಯನ್ನಷ್ಟೇ ಕಾರ್ಯದರ್ಶಿಗೆ ಬರೆಯಿರಿ. ರಶೀದಿ ಪಡೆಯಲು ಮರೆಯಬೇಡಿ.

ಉತ್ತರ 2: ನಾನೂ ಒಂದು ಇಗರ್ಜಿಯ ಸದಸ್ಯ. ನಮ್ಮಲ್ಲಿ ಕಟ್ಟಡ ಕೆಲಸ ಹಿಡಿದಾಗ ನೆರೆಯವರು ಬಂದು ಹೇಳುವವರೆಗೆ ಚರಂಡಿಯ ವಿಚಾರ ಯಾರಿಗೂ ಹೊಳೆದಿರಲಿಲ್ಲ. ಆದ್ದರಿಂದ ಪಾದ್ರಿಗಳನ್ನೂ ಕಂಡು ಮಾತನಾಡಿ.