‘ಅಬ್ಸರ್ವೇಶನ್ನಲ್ಲಿ ಇಟ್ಟಿದಾರೆ’ ಅನ್ನೋದಕ್ಕೆ ಸರಿಯಾದ ಪದ ಯಾವ್ದು?

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪದ ಕಡೆ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ, ಹಾಜರಿ ಬರೆಯೋ) ಕೆಲಸ ನಂದು. ಆಸ್ಪತ್ರೆ, ಇನ್ಶೂರೆನ್ಸ್ ಬಗ್ಗೆ ತೋಟದ ಆಫೀಸಿನ ಬೋರ್ಡಿಗೆ ಅಂಟಿಸೋಕೆ ಒಂದು ಚೀಟಿ ಬರೀತಿದೀನಿ, ಈ ಒಂದು ಪದಕ್ಕೇ ಕೈ ನಿಂತಿದೆ.

ಹಾವು ಕಚ್ಚಿತೋ ಇಲ್ವೋ ಗೊತ್ತಿಲ್ಲ, ಕಾಲಲ್ಲಿ ಗುರುತಿದೆ ಅಷ್ಟೆ, ಅಂತ ಯಾರನ್ನಾದ್ರೂ ಕರ್ಕೊಂಡು ಹೋದ್ರೆ ಡಾಕ್ಟ್ರು ಒಂಚೂರು ರಕ್ತ ತೆಗ್ದು ಒಣ ಗಾಜಿನ ಟ್ಯೂಬಲ್ಲಿ 20 ನಿಮಿಷ ಅಲ್ಲಾಡಿಸ್ದೆ ಇಡ್ತಾರೆ, ಆಮೇಲೆ ಓರೆ ಮಾಡಿ ನೋಡ್ತಾರೆ, ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದ್ರೆ ಕೊಳಕುಮಂಡಲದಂಥ ಹಾವಿನ ವಿಷ ಅಂತ ಲೆಕ್ಕ. ಹೆಪ್ಪುಗಟ್ಟಿದ್ರೂ ಬಿಡಲ್ಲ, ವಿಷ ತಡವಾಗಿ ಏರ್ಬಹುದು ಅಂತ 24 ಗಂಟೆ ಇಟ್ಕೊಂಡು ಅದೇ ಟೆಸ್ಟ್ ಮತ್ತೆ ಮತ್ತೆ ಮಾಡ್ತಾರೆ. ಎದೆನೋವಿಗೂ ಹಾಗೇ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ನೋಡೋ ಟ್ರೋಪೋನಿನ್ ಅನ್ನೋ ರಕ್ತದ ಟೆಸ್ಟ್ ಮೊದಲ ಸಲ ನಾರ್ಮಲ್ ಬಂದ್ರೂ ಕೆಲವು ಗಂಟೆ ಬಿಟ್ಟು ಇನ್ನೊಂದು. ಒಟ್ಟಲ್ಲಿ ಅಡ್ಮಿಟ್ ಮಾಡೋದೋ ಮನೆಗೆ ಕಳ್ಸೋದೋ ಇನ್ನೂ ತೀರ್ಮಾನ ಆಗಿರದ ಹೊತ್ತು ಅದು. ತೀರ್ಮಾನ ಆದ್ಮೇಲೂ ‘ಅಬ್ಸರ್ವೇಶನ್’ ಅಂತ್ಲೇ ಎಳೆಯೋದು ಸರಿಯಲ್ಲ ಅಂತ ನನ್ನ ಅನಿಸಿಕೆ.

ಇದಕ್ಕೆ ‘ನಿಗಾ’ ಅಂತ ಬರ್ದೆ. ಆದ್ರೆ ‘ನಿಗಾದಲ್ಲಿ ಇಟ್ಟಿದಾರೆ’ ಅಂತ ಲೈನ್ ಮನೆಗೆ (ತೋಟದ ಕೆಲಸದವ್ರ ಸಾಲು ಮನೆಗೆ) ಫೋನ್ ಮಾಡಿದ್ರೆ ಅಳು ಶುರು, ಯಾಕಂದ್ರೆ ಪೇಪರಲ್ಲಿ ‘ತೀವ್ರ ನಿಗಾ ಘಟಕ’ ಓದಿ ಓದಿ ಜನಕ್ಕೆ ನಿಗಾ ಅಂದ್ರೇನೇ ಐಸಿಯು. ‘ವೀಕ್ಷಣೆ’ ಅಂದ್ರೆ ರಾಜಾಸೀಟಲ್ಲಿ ನಿಂತು ಮಂಜು ನೋಡಿದ ಹಾಗಾಗುತ್ತೆ. ‘ಕಣ್ಗಾವಲು’ ಪೊಲೀಸ್ನೋರ ಸಿಸಿಟಿವಿಗೆ ಹೋಗಿಬಿಟ್ಟಿದೆ.

ಪದ ಏನಾದ್ರೇನು ಅನ್ಬೇಡಿ, ದುಡ್ಡಿನ ಪ್ರಶ್ನೆ ಇದೆ. ಮೆಡಿಕ್ಲೇಮ್ ಪಾಲಿಸಿಗಳಲ್ಲಿ ಡೇಕೇರ್ ಚಿಕಿತ್ಸೆ (ಅದೇ ದಿನ ಮುಗಿದು ಮನೆಗೆ ಕಳ್ಸೋದು) ಬಿಟ್ರೆ ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಒಳರೋಗಿಯಾಗಿ ಇರ್ಬೇಕು, ಬರೀ ಟೆಸ್ಟ್ ಮಾಡ್ಸೋಕೆ ಅಂತ ಸೇರಿದ್ರೂ ಕೊಡಲ್ಲ. ನಮ್ಮ ತೋಟದವ್ರೊಬ್ರು ಎಮರ್ಜೆನ್ಸಿಯ ಮಂಚದಲ್ಲೇ ರಾತ್ರಿ ಕಳ್ದು, ಕೆಲಸ ಹೋಗುತ್ತೆ ಅಂತ ಬೆಳಿಗ್ಗೆ ಎದ್ದು ಬಂದ್ರು, ಕ್ಲೇಮ್ ವಾಪಸ್. ಅವ್ರ ಹೆಂಡತಿ ನನ್ನ ಟೇಬಲ್ ಮುಂದೆ ನಿಂತು ‘ಡ್ರಿಪ್ಸ್ ಹಾಕಿದಾರಲ್ಲ ರೈಟ್ರೇ, ಅದು ಅಡ್ಮಿಟ್ ಅಲ್ವಾ’ ಅಂತ ಕೇಳಿದ್ರು. ಅಲ್ಲ, ಆದ್ರೆ ಏನು ಅಂತ ಹೇಳೋಕೆ ಕನ್ನಡದಲ್ಲಿ ಪದ ಸಿಗ್ಲಿಲ್ಲ.

ಅಮೇರಿಕಾದಲ್ಲಿ ಇದು ಇನ್ನೂ ಗೋಜಲು. ಅಲ್ಲಿ ವಯಸ್ಸಾದವ್ರ ಸರ್ಕಾರಿ ವಿಮೆ ಮೆಡಿಕೇರ್ ಪ್ರಕಾರ ಅಬ್ಸರ್ವೇಶನ್ ಅಂದ್ರೆ ವಾರ್ಡಲ್ಲೇ ಮಲಗಿದ್ರೂ ಹೊರರೋಗಿ. ಚಿಕಿತ್ಸೆ ಎರಡು ಮಧ್ಯರಾತ್ರಿ ದಾಟುತ್ತೆ ಅಂತ ಡಾಕ್ಟ್ರಿಗೆ ಅನ್ಸಿದ್ರೆ ಅಡ್ಮಿಟ್ ಮಾಡ್ಬಹುದು ಅನ್ನೋ ನಿಯಮ 2013ರ ಅಕ್ಟೋಬರಲ್ಲಿ ಬಂತು. ಆಸ್ಪತ್ರೆ ಆದ್ಮೇಲೆ ನರ್ಸಿಂಗ್ ಹೋಮಲ್ಲಿ (ಅಲ್ಲಿ ಅದು ಆಸ್ಪತ್ರೆಯಲ್ಲ, ಆರೈಕೆ ಕೇಂದ್ರ) ಚೇತರಿಸ್ಕೊಳ್ಳೋ ಖರ್ಚು ಸಿಗೋಕೆ ಸಾಮಾನ್ಯವಾಗಿ ಮೂರು ದಿನ ಒಳರೋಗಿ ಆಗಿರ್ಬೇಕು, ಅಬ್ಸರ್ವೇಶನ್ ರಾತ್ರಿಗಳು ಅದ್ರಲ್ಲಿ ಸೇರಲ್ಲ. 24 ಗಂಟೆ ಮೀರಿದ್ರೆ ‘ನೀವು ಹೊರರೋಗಿ’ ಅಂತ ಲಿಖಿತವಾಗಿ ತಿಳಿಸ್ಬೇಕು ಅನ್ನೋದು 2017ರಿಂದ ಜಾರಿಯಲ್ಲಿದೆ. ನಮ್ಮಲ್ಲೂ ಅಂಥ ಒಂದು ಚೀಟಿ ಕೊಟ್ರೆ ನನ್ನ ಅರ್ಧ ಜಗಳ ತಪ್ಪುತ್ತೆ ಬಿಡಿ.

ಸದ್ಯಕ್ಕೆ ‘ದಾಖಲಿಸದೆ ನಿಗಾ’ ಅಂತ ಹಾಕಿದೀನಿ, ಸ್ವಲ್ಪ ಒರಟು, ಆದ್ರೆ ‘ಅಡ್ಮಿಟ್ ಆಗಿಲ್ಲ’ ಅನ್ನೋದು ಮೊದಲೇ ಕಿವಿಗೆ ಬೀಳುತ್ತೆ. ಮಂಗಳೂರು, ಧಾರವಾಡ, ಕಲಬುರ್ಗಿ ಕಡೆ ಆಸ್ಪತ್ರೆಯ ಸಿಸ್ಟರ್‌ಗಳು ಮನೆಯೋರಿಗೆ ಇದನ್ನ ಏನಂತ ಹೇಳ್ತಾರೆ? ಡಿಕ್ಷನರಿ ಪದ ಬೇಡ, ಬಾಯಲ್ಲಿ ಇರೋದು ತಿಳಿಸಿ.