ಅಪ್‌ಡೇಟ್: ಕೊನೆಗೂ ಗೆಳತಿ ಮಾತಾಡಿದಳು

ನಮ್ಮ ನವೋದಯ ವಸತಿ ಶಾಲೆಯಿಂದ 9ನೇ ಕ್ಲಾಸಿಗೆ ಒಂದು ವರ್ಷ ಹಿಂದಿ ರಾಜ್ಯಕ್ಕೆ ಹೋಗಿ ಬಂದ ಮೇಲೆ, 6ನೇ ಕ್ಲಾಸಿನಿಂದ ಜೊತೆಗಿದ್ದ ಗೆಳತಿ ಮುಖ ಕೊಟ್ಟು ಮಾತಾಡುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಸರಿಹೋಯ್ತು! ಪತ್ರ ಬರೆದೆ, ಅವಳ ಟ್ರಂಕಿನ ಮೇಲೆ ಎರಡು ದಿನ ಹಾಗೇ ಬಿದ್ದಿತ್ತು. ಮೇಡಂಗೆ ಹೇಳಿದ್ದಂತೂ ಪೂರ್ತಿ ಎಡವಟ್ಟು. ಕೆಲಸ ಮಾಡಿದ್ದು, 'ಏನೂ ಕೇಳಬೇಡ, ಸುಮ್ನೆ ಪಕ್ಕದಲ್ಲಿರು' ಅಂದ ಅಕ್ಕನ ಮಾತು. ಭಾನುವಾರ ಬಟ್ಟೆ ಒಗೆಯುವಾಗ ಅವಳ ಪಕ್ಕ ಬಕೆಟ್ ಇಟ್ಟೆ. ಅವಳ ಸೋಪು ಚೂರಾಗಿತ್ತು, ನನ್ನದನ್ನು ತಳ್ಳಿದೆ. ಆಗ ಬೈದಳು ನೋಡಿ! ನಾನು ಮೆಸ್ಸಿನಲ್ಲೂ ಹಿಂದಿಯಲ್ಲೇ ಮಾತಾಡುತ್ತೇನಂತೆ, ಮಾತೆತ್ತಿದರೆ 'ಅಲ್ಲಿ ಹೀಗಿರಲಿಲ್ಲ' ಅನ್ನುತ್ತೇನಂತೆ. ನನಗೆ ಗೊತ್ತೇ ಇರಲಿಲ್ಲ. ಮೊದಲ ತಿಂಗಳು ದಿನಾ ಅತ್ತ ನನಗೆ ಆ ಊರು ಇಷ್ಟು ಹಿಡಿಸಿದೆ ಅಂತ ತಿಳಿದದ್ದೇ ಅವತ್ತು. ಈಗ ಅವಳಿಗೆ ಹಿಂದಿ ಬೈಗುಳ ಕಲಿಸುತ್ತಿದ್ದೇನೆ, ಮೇಡಂಗೆ ಹೇಳಬೇಡಿ.