ಮೂಳೆಯ ಸಾಂದ್ರತೆ, ಸಕ್ಕರೆ ಕಾಯಿಲೆ, ಮಂಡಿ ಸವೆತ: ಮೂರಕ್ಕೂ ಒಂದೇ ವಂಶವಾಹಿ ಕಾರಣವೇ?

ಪ್ರಶ್ನೆ
ನನ್ನ ತಾಯಿಗೆ 68 ವರ್ಷ. ಕಳೆದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಆಮೇಲೆ ಮೂಳೆಯ ಸಾಂದ್ರತೆ ಅಳೆಯಲು ಮಾಡಿಸಿದ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 1.4 ಎಂದು ಬಂದಿದೆ, ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಎನ್ನಲು ಬೇಕಾದ ಮೈನಸ್ 2.5ರ ಗಡಿಯನ್ನು ಅದು ಮುಟ್ಟಿಯೇ ಇಲ್ಲ. ಅವರಿಗೆ 20 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ, ಚಿಕ್ಕಮ್ಮನಿಗೆ ಮಂಡಿ ಸವೆದಿದೆ. ಇವೆಲ್ಲದರ ಬೇರು ಒಂದೇ ವಂಶವಾಹಿಯಲ್ಲಿ ಇರಬಹುದೇ? 41 ವರ್ಷದ ನಾನು ಜೀನ್ ಪರೀಕ್ಷೆ ಮಾಡಿಸಿಕೊಳ್ಳಬೇಕೇ?

ಉತ್ತರ 1
'ಒಂದೇ ವಂಶವಾಹಿ' ಎಂಬ ಊಹೆಯನ್ನು ಮೊದಲು ಕೈಬಿಡಿ. ವ್ಯಕ್ತಿಯಿಂದ ವ್ಯಕ್ತಿಗೆ ಮೂಳೆಯ ಸಾಂದ್ರತೆಯಲ್ಲಿ ಕಾಣುವ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಪಾಲು ಅನುವಂಶೀಯ ಎಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಆದರೆ ಆ ಪಾಲು ನೂರಾರು ಕಡೆ ಹಂಚಿಹೋಗಿದೆ: ಬ್ರಿಟನ್ನಿನ ಸುಮಾರು 4.26 ಲಕ್ಷ ಜನರ ಹಿಮ್ಮಡಿ ಮೂಳೆಯ ಅಳತೆಗಳನ್ನು ಆಧರಿಸಿದ ಒಂದೇ ಅಧ್ಯಯನದಲ್ಲಿ 518 ವಂಶವಾಹಿ ನೆಲೆಗಳು ಸಿಕ್ಕವು, ಬಹುತೇಕ ಪ್ರತಿಯೊಂದರ ಪ್ರಭಾವವೂ ತೀರ ಚಿಕ್ಕದು.

ಒಂದು ವಂಶವಾಹಿ ಹಲವು ಅಂಗಗಳಲ್ಲಿ ಕೆಲಸ ಮಾಡುವುದಂತೂ ನಿಜ. ಎಲ್‌ಆರ್‌ಪಿ5 ಎಂಬ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟ ಮಕ್ಕಳಲ್ಲಿ ಮೂಳೆಗಳು ಪದೇ ಪದೇ ಮುರಿಯುವುದಲ್ಲದೆ ಕಣ್ಣೂ ಕಾಣದಂತಾಗುತ್ತದೆ. ಅದೇ ವಂಶವಾಹಿಯಲ್ಲಿ ಬೇರೊಂದು ಬಗೆಯ ಬದಲಾವಣೆಯಾದರೆ ಮೂಳೆ ಅಸಾಧಾರಣವಾಗಿ ಗಟ್ಟಿಯಾಗುತ್ತದೆ. ಇವು ಅಪರೂಪದ ಪ್ರಕರಣಗಳು, ನಿಮ್ಮ ಮನೆಯ ಚಿತ್ರ ಹಾಗಿಲ್ಲ.

ಉತ್ತರ 2
ತಾಯಿಯವರ ಟಿ-ಸ್ಕೋರ್ ಕಂಡು ನನಗೆ ಆಶ್ಚರ್ಯವಾಗಲಿಲ್ಲ. ಟೈಪ್ 2 ಸಕ್ಕರೆ ಕಾಯಿಲೆಯವರಲ್ಲಿ ಸಾಂದ್ರತೆ ಇತರರಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚೇ ಇರುತ್ತದೆ, ಆದರೂ ಮೂಳೆ ಮುರಿಯುವ ಸಂಭವ ಹೆಚ್ಚು. ವರ್ಷಗಟ್ಟಲೆ ರಕ್ತದಲ್ಲಿ ಏರಿದ ಸಕ್ಕರೆ ಮೂಳೆಯ ಕೊಲಾಜೆನ್ ಎಂಬ ಪ್ರೋಟೀನು ಎಳೆಗಳಿಗೆ ಅಂಟಿಕೊಂಡು ಅವನ್ನು ಪೆಡಸಾಗಿಸುತ್ತದೆ, ಡೆಕ್ಸಾ ಅಳೆಯುವುದು ಖನಿಜದ ಪ್ರಮಾಣವನ್ನೇ ಹೊರತು ಈ ಪೆಡಸುತನವನ್ನಲ್ಲ. ಪಾದದ ಸ್ಪರ್ಶ ಕುಂದಿದವರು, ಸಕ್ಕರೆ ದಿಢೀರನೆ ಇಳಿದವರು ಬೀಳುವುದೂ ಹೆಚ್ಚು. ಸ್ಕೋರ್ ಏನೇ ಇರಲಿ, ನಿಂತ ಎತ್ತರದಿಂದ ಬಿದ್ದು ಸೊಂಟ ಮುರಿದರೆ ಆಸ್ಟಿಯೋಪೊರೋಸಿಸ್ ಎಂದೇ ಪರಿಗಣಿಸಿ ಚಿಕಿತ್ಸೆ ಆರಂಭಿಸುವುದು ವಾಡಿಕೆ. ಇದನ್ನು ಅವರ ವೈದ್ಯರಲ್ಲಿ ಖಂಡಿತ ಪ್ರಸ್ತಾಪಿಸಿ.

ಇನ್ನು ಚಿಕ್ಕಮ್ಮನವರ ವಿಷಯ. ಮೂಳೆ ಟೊಳ್ಳಾಗುವುದು, ಮಂಡಿ ಸವೆಯುವುದು ಎರಡನ್ನೂ ನಮ್ಮ ಮಾತಿನಲ್ಲಿ 'ಸವೆತ' ಎಂದೇ ಕರೆಯುವುದರಿಂದ ಈ ಗೊಂದಲ. ಮಂಡಿಯಲ್ಲಿ ಸವೆಯುವುದು ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಗಳ ತುದಿಯ ನುಣುಪಾದ ಹೊದಿಕೆ. ಅಲ್ಲಿನ ಅನುವಂಶೀಯ ನಂಟು ವಿರುದ್ಧ ದಿಕ್ಕಿನದು, ಹೆಚ್ಚು ಸಾಂದ್ರತೆಯ ಮೂಳೆಯಿರುವವರಲ್ಲೇ ಕೀಲು ಸವೆತದ ಸಂಭವ ತುಸು ಹೆಚ್ಚು.

ಉತ್ತರ 3
ಹಲವು ಅಂಗಗಳಲ್ಲಿ ಕೆಲಸ ಮಾಡುವ ವಂಶವಾಹಿಗಳ ಪ್ರಶ್ನೆ ನಿಜವಾಗಿ ಮುಖ್ಯವಾಗುವುದು ಔಷಧಿಗಳಲ್ಲಿ. ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದವರ ಮೂಳೆ ವಿಪರೀತ ದಟ್ಟವಾಗಿರುವುದನ್ನು ಕಂಡು, ಅದನ್ನು ತಡೆಯುವ ರೊಮೊಸೊಜುಮಾಬ್ ಎಂಬ ಔಷಧಿ ರೂಪುಗೊಂಡಿತು. ಆದರೆ ಆ ಪ್ರೋಟೀನು ರಕ್ತನಾಳಗಳಲ್ಲೂ ಇದೆ. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಾಗಲೇ, ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಕೊಡಕೂಡದೆಂಬ ಎಚ್ಚರಿಕೆಯೂ ಸೇರಿತ್ತು. ತಾಯಿಗೆ ಆ ಔಷಧಿಯ ಸಲಹೆ ಬಂದರೆ ಹೃದಯದ ಇತಿಹಾಸವನ್ನು ಮುಚ್ಚಿಡಬೇಡಿ.

ನಿಮ್ಮ ಮಟ್ಟಿಗೆ ಜೀನ್ ಪರೀಕ್ಷೆಯಿಂದ ಸದ್ಯಕ್ಕೆ ಹೆಚ್ಚೇನೂ ತಿಳಿಯದು. ಮುರಿತದ ಸಂಭವವನ್ನು ಲೆಕ್ಕ ಹಾಕುವ ಫ್ರಾಕ್ಸ್ ಪಟ್ಟಿಯಲ್ಲಿ ತಂದೆ ಅಥವಾ ತಾಯಿಗೆ ಸೊಂಟ ಮುರಿದಿತ್ತೇ ಎಂಬ ನೇರ ಪ್ರಶ್ನೆಯೇ ಇದೆ. ಅದಕ್ಕೆ ನಿಮ್ಮ ಉತ್ತರ ಈಗ 'ಹೌದು'.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಸ್ಕೋರ್ ಚೆನ್ನಾಗಿದೆಯೆಂದು ಕ್ಯಾಲ್ಸಿಯಂ ಮಾತ್ರೆ ಮಾತ್ರ ಬರೆದುಕೊಟ್ಟಿದ್ದರು. ಮುಂದಿನ ಭೇಟಿಯಲ್ಲಿ ಮುರಿತದ ಮಾತನ್ನೇ ಮೊದಲು ಎತ್ತುತ್ತೇನೆ.